ಬೆಳ್ಳಿಯಿಲ್ಲದ ಕಾಲುಚೀಲ

ತಮ್ಮಾ,

ಹೋದ ತಿಂಗಳು ನೀನು ಕಳಿಸಿದ ಪ್ರಮಾಣಪತ್ರ ಬಂತು. ಜೊತೆಗೊಂದು ಚೀಟಿ: 'ಅಕ್ಕಾ, ಕೆಳಗೆ ಒಂದು ಸಹಿ ಹಾಕಿ, ನಿಮ್ಮ ಲ್ಯಾಬಿನ ಮೊಹರು ಒತ್ತಿ ಕಳಿಸು. ವೃದ್ಧಾಶ್ರಮಗಳಿಂದ ದೊಡ್ಡ ಆರ್ಡರ್ ಬಂದಿದೆ, ಅರ್ಜೆಂಟು.' ಅಮ್ಮನ ಕಾಲು ಹೇಗಿದೆ ಅಂತ ಕೇಳುವುದಕ್ಕೆ ಚೀಟಿಯಲ್ಲಿ ಜಾಗ ಸಾಲಲಿಲ್ಲವೇನೋ. ನನ್ನ ಹತ್ತಿರ ಕಾಗದ ಬೇಕಾದಷ್ಟಿದೆ.

ನಿನ್ನ ಈ ವ್ಯಾಪಾರಕ್ಕೆ ಬಂಡವಾಳ ಹಾಕಿದವಳು ನಾನೇ ಅಂತ ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಬಂಡವಾಳ ಅಂದರೆ ಹಣವಲ್ಲ, ಪಾಠ. ಎಂಟನೇ ಕ್ಲಾಸಿನಲ್ಲಿ ನೀನು ವಿಜ್ಞಾನದಲ್ಲಿ ಫೇಲಾಗಿ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಎರಡು ಲೋಟ ನೀರಿಟ್ಟು, ಒಂದಕ್ಕೆ ಸಕ್ಕರೆ ಅಚ್ಚು, ಇನ್ನೊಂದಕ್ಕೆ ಅಷ್ಟೇ ಸಕ್ಕರೆಯ ಪುಡಿ ಹಾಕಿ ತೋರಿಸಿದ್ದೆ. ಪುಡಿ ಬೇಗ ಕರಗಿತು. 'ಚೂರು ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಹೆಚ್ಚಾಗುತ್ತೆ ಕಣೋ' ಅಂದಿದ್ದೆ. ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಕಣಗಳು ಸಾಲಾಗಿ ನಿಲ್ಲುವಷ್ಟು ಸಣ್ಣದಾದರೆ ವಸ್ತುವಿನ ಗುಣವೇ ಬೇರೆಯಾಗುತ್ತದೆ, ಅದಕ್ಕೇ ನ್ಯಾನೋ ಅನ್ನೋದು, ಹಳದಿ ಚಿನ್ನ ನೀರಿನಲ್ಲಿ ಕೆಂಪಗೆ ಕಾಣುತ್ತದೆ, ಬೆಳ್ಳಿಯ ಕಣ ರೋಗಾಣುಗಳನ್ನು ಕೊಲ್ಲುತ್ತದೆ ಅಂತೆಲ್ಲ ಕಣ್ಣರಳಿಸಿ ಹೇಳಿದ್ದೆ. ನೀನು ಎರಡೂ ಲೋಟದ ನೀರು ಕುಡಿದು ಬಾಯೊರೆಸಿಕೊಂಡು ಎದ್ದು ಹೋದೆ. ಇವನ ತಲೆಗೆ ಏನೂ ಹೋಗಲಿಲ್ಲ ಅಂದುಕೊಂಡೆ.

ಹೋಗಿತ್ತು. ಎರಡು ವರ್ಷದ ಹಿಂದೆ ಬಾಡಿಗೆ ಹಾಲಿನ ವೇದಿಕೆ ಮೇಲೆ ನಿಂತು, ಅದೇ ಸಕ್ಕರೆ, ಅದೇ ಕೂದಲು, ಅದೇ ಕೆಂಪು ಚಿನ್ನ, ಒಂದಕ್ಷರ ಬಿಡದೆ ಮೈಕಿನಲ್ಲಿ ಒದರಿದೆ. ಕೊನೆಗೆ ಒಂದು ಬೂದು ಬಣ್ಣದ ಕಾಲುಚೀಲ ಎತ್ತಿ ಹಿಡಿದು 'ಇದು ನ್ಯಾನೋ ಬೆಳ್ಳಿ! ಗಾಯಕ್ಕೆ ಇದೇ ಡಾಕ್ಟರು!' ಅಂದೆ. ಹಿಂದಿನ ಸಾಲಿನಲ್ಲಿ ನಾನಿದ್ದೆ. ಜನಕ್ಕೆ ಟೋಪಿ ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ, ಕಾಲುಚೀಲ ಹಾಕಿದವನು ನೀನೊಬ್ಬನೇ. ಆವತ್ತೇ ಒಂದು ಜೊತೆ ತಂದು ಪರೀಕ್ಷೆ ಮಾಡಬೇಕಿತ್ತು. ಒಡಹುಟ್ಟಿದವನಲ್ಲವೇ ಅಂತ ಸುಮ್ಮನಾದೆ. ನಿನ್ನ ಮೇಲೆ ಇರುವಷ್ಟಲ್ಲದಿದ್ದರೂ, ಆವತ್ತು ಹಾಗೆ ಸುಮ್ಮನಾದ ಆ ಹೆಂಗಸಿನ ಮೇಲೂ ನನಗೆ ತಿರಸ್ಕಾರವಿದೆ.

ಆಮೇಲೆ ನಾನು ಹದಿನೈದು ದಿನ ತರಬೇತಿಗೆ ಹೋದೆ, ಅಮ್ಮನನ್ನು ನಿನ್ನ ಕೈಗೆ ಒಪ್ಪಿಸಿ. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ, ದಿನಾ ನೋಡಬೇಕು ಅಂತ ಹೇಳಿ ಹೋಗಿದ್ದೆ. ಚಪ್ಪಲಿ ತಾಗಿ ಕಿರುಬೆರಳ ಪಕ್ಕ ಒಂದು ಸಣ್ಣ ಗಾಯವಾಯಿತು. ನೀನು ನಿನ್ನ ಚೀಲ ತೊಡಿಸಿ 'ಬಿಚ್ಚಬೇಡಮ್ಮ, ಬೆಳ್ಳಿ ಅದರ ಪಾಡಿಗೆ ಅದು ಕೆಲಸ ಮಾಡಲಿ' ಅಂದೆ. ಅವಳು ಬಿಚ್ಚಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಚೀಲ ತೊಡಿಸಿದ ಹನ್ನೊಂದನೇ ದಿನ, ತರಬೇತಿ ಮುಗಿಸಿ ಬಂದು ನಾನು ಬಾಗಿಲು ತೆಗೆದಾಗ ಮೊದಲು ಎದುರಾದದ್ದು ವಾಸನೆ. 'ಏನೂ ನೋವಿಲ್ಲ ಕಣೇ, ಅವನ ಚೀಲ ಒಳ್ಳೇದು' ಅಂದಳು. ಸಂಜೆಯೊಳಗೆ ಎರಡು ಬೆರಳು ತೆಗೆದರು.

ಆಸ್ಪತ್ರೆಗೆ ನೀನು ಬಂದೆ, ದ್ರಾಕ್ಷಿ ಹಿಡಿದುಕೊಂಡು. 'ಅಮ್ಮನ ದೇಹಕ್ಕೆ ಒಗ್ಗಲಿಲ್ಲ, ಲಕ್ಷಕ್ಕೊಬ್ಬರಿಗೆ ಹೀಗಾಗುತ್ತೆ' ಅಂದೆ. ಆ ಲಕ್ಷ ಜನರನ್ನು ಎಲ್ಲಿ ಎಣಿಸಿದೆಯೋ ಮಹಾರಾಯ! ಅದೇ ವಾರ ನಿನ್ನ ಹೊಸ ಪ್ಯಾಕೆಟ್ ಅಚ್ಚಾಗಿ ಬಂತು. ಅದರ ಮೇಲೆ ಅಮ್ಮ ನಗುತ್ತಿರುವ ಫೋಟೋ, ಕೆಳಗೆ 'ನನ್ನ ಹೆತ್ತತಾಯಿಯೂ ಇದನ್ನೇ ಹಾಕುತ್ತಾರೆ'. ಮಂಚದ ಮೇಲೆ ಆಕೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದಾಗ! ಮುಂದಿನ ತಿಂಗಳು ತಗಡು ತಾಗಿ ನಿನ್ನ ಹೆಬ್ಬೆರಳು ಕೊಯ್ದುಕೊಂಡಾಗ ನೀನು ಮಾತ್ರ ಕಾಲುಚೀಲ ಸುತ್ತಿಕೊಳ್ಳಲಿಲ್ಲ. ನೇರ ಡಾಕ್ಟರ ಹತ್ತಿರ ಓಡಿ ಮೂರು ಹೊಲಿಗೆ ಹಾಕಿಸಿಕೊಂಡೆ. ನಿನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ದಡ್ಡ ಅಂತ ಕ್ಷಮಿಸಿಬಿಡುತ್ತಿದ್ದೆ.

ಈಗ ಚೀಲದಲ್ಲಿ ಬೆಳ್ಳಿ ಇದೆ ಅನ್ನುವ ನಿನ್ನ ಪ್ರಮಾಣಪತ್ರದ ವಿಚಾರ. ಪರೀಕ್ಷೆ ಮಾಡದೆ ಸಹಿ ಹಾಕುವುದು ನಮ್ಮಲ್ಲಿ ಇಲ್ಲ, ಹಾಗಾಗಿ ಬೇರೆ ಬೇರೆ ಅಂಗಡಿಯಿಂದ ನಿನ್ನ ಚೀಲ ಮೂರು ಜೊತೆ ಕೊಂಡು ತಂದೆ. ಸುಟ್ಟು ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿ, ಉಪ್ಪುನೀರು ಹನಿಸಿದೆ. ಬೆಳ್ಳಿ ಇದ್ದಿದ್ದರೆ ಹಾಲು ಬೆರೆತ ಹಾಗೆ ಬೆಳ್ಳಗಾಗಬೇಕಿತ್ತು. ಪಕ್ಕದಲ್ಲಿ ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟುವ ನಿಜವಾದ ಬೆಳ್ಳಿ ಪಟ್ಟಿಯ ಚೂರನ್ನೂ ಹಾಗೇ ಮಾಡಿದ್ದೆ, ಅದು ಬೆಳ್ಳಗಾಯಿತು. ನಿನ್ನದು ನಲ್ಲಿ ನೀರಿನ ಹಾಗೆ ತಿಳಿಯಾಗಿ ನಿಂತಿತು. ಮೂರು ಸಲವೂ ಅಷ್ಟೇ. ಲೋಹ ಅಳೆಯುವ ಯಂತ್ರಕ್ಕೆ ಹಾಕಿದರೆ ಯಂತ್ರವೂ ಇಲ್ಲ ಅಂತು. ಬೂದು ಬಣ್ಣ ಬಂದದ್ದು ಬನಿಯನ್ನಿಗೆ ಹಾಕುವ ಮಾಮೂಲಿ ಬಣ್ಣದಿಂದ. ಬೆಳ್ಳಿಗೆ ಇಷ್ಟೆಲ್ಲ ಗುಣವಿದೆ ಕಣೋ, ಆದರೆ ಇಲ್ಲದ ಕಡೆಯೂ ಕೆಲಸ ಮಾಡುವ ಗುಣವಿಲ್ಲ.

ನೀನು ಕೇಳಿದಂತೆಯೇ ಸಹಿ ಹಾಕಿದ್ದೇನೆ, ಮೊಹರನ್ನೂ ಒತ್ತಿದ್ದೇನೆ, ಈ ಫಲಿತಾಂಶದ ಕೆಳಗೆ. ಒಂದು ಪ್ರತಿ ನಿನಗೆ, ಒಂದೊಂದು ಆ ಆಶ್ರಮಗಳಿಗೆ, ಒಂದು ಗ್ರಾಹಕರ ಕಚೇರಿಗೆ. ದೂರು ಕೊಡುವವರು ಚೀಲ ಹಾಕಿಕೊಂಡವರೇ ಆಗಬೇಕು ಅಂದರು. ಅಮ್ಮನಿಗೆ ಫಾರಂ ಓದಿ ಹೇಳಿದೆ. ಅಳುತ್ತಾಳೆ, ನನ್ನನ್ನೇ ಬೈಯುತ್ತಾಳೆ, 'ಏನೇ ಆದ್ರೂ ಅವನು ನಿನ್ನ ತಮ್ಮ' ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳೋ ಕನ್ನಡಕ ತರಿಸಿಕೊಂಡಳು. 'ಮಾರಿದವರಿಗೂ ನಿಮಗೂ ಏನು ಸಂಬಂಧ' ಅನ್ನುವ ಸಾಲು ಬಂದಾಗ ನಾನು ತಡವರಿಸಿ, ಬೇಕಾದರೆ ಖಾಲಿ ಬಿಡಬಹುದಮ್ಮ ಅಂದೆ.

'ಯಾಕೆ ಖಾಲಿ ಬಿಡ್ಬೇಕು? ಮಗ ಅಂತಲೇ ಬರಿ' ಅಂದಳು. 'ನಾಚಿಕೆಪಡಬೇಕಾದ್ದು ನಾನಲ್ಲ.' ಆಮೇಲೆ ಪೆನ್ನು ಕಿತ್ತುಕೊಂಡು ಆ ಸಾಲನ್ನು ತಾನೇ ತುಂಬಿ, ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.

ನಿನಗೆ ಒಳ್ಳೆಯದಾಗಲಿ ಅಂತ ಬರೆಯಲು ಕೈ ಏಳುತ್ತಿಲ್ಲ. ಬುದ್ಧಿ ಬರಲಿ ಅಂತ ಮಾತ್ರ ಹರಸುತ್ತೇನೆ. ಮಿಕ್ಕದ್ದನ್ನು ವಿಚಾರಣೆಯ ದಿನ ಅಮ್ಮನೇ ನಿನ್ನ ಮುಖ ನೋಡಿ ಹೇಳುತ್ತಾಳಂತೆ.

ಇಂತಿ,
ಇನ್ನೂ ನಿನ್ನ
ಅಕ್ಕ