ಕಾಲುಂಗುರದ ಕೆಳಗಿನ ಕಪ್ಪು

ಹಲಸೂರು
21-11-1997

ಚಿ. ಸೌ. ಹಂಸಳಿಗೆ ಅಮ್ಮನ ಆಶೀರ್ವಾದ.

ನಾನು ದೊಡ್ಡಮುನಿಯಪ್ಪನವರ ಮನೆಯ ಯಜಮಾನಿ. ಮಾಡಿದ್ದಕ್ಕೆಲ್ಲ ಕಾರಣ ಹೇಳುವ ಅಭ್ಯಾಸ ನನಗಿಲ್ಲ. ಮಗಳೆಂದು ನಿನಗೆ ಹೇಳುತ್ತಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಏಕೆಂದು ಮುಂದೆ ಓದು. ಬಸುರಿ ನೀನು, ಹೊತ್ತು ಮೀರಿಸದೆ ಊಟ ಮಾಡು.

ನನ್ನ ಕತ್ತಿನ ಕಪ್ಪು ಗಂಟು ನೋಡಿ ನೀವೆಲ್ಲ ಹೆದರಿದ್ದಿರಿ. ಡಾಕ್ಟರ್ ಅಂಜನಮೂರ್ತಿ ಅದನ್ನು ಮುಟ್ಟಿ ನೋಡಿ, "ವಯಸ್ಸಿಗೆ ಬರೋದು ಕಣಮ್ಮ, ಮೇಣ ಅಂಟಿಸಿದ ಹಾಗೆ ಕೂತಿದೆ. ಏನೂ ಮಾಡಲ್ಲ" ಎಂದರು. ಎದ್ದು ಹೊರಟೆ. ಚಪ್ಪಲಿ ಬಾಗಿಲಾಚೆ ಬಿಟ್ಟಿದ್ದೆನಲ್ಲ, ಅವರ ಕಣ್ಣು ನನ್ನ ಎಡಗಾಲಿಗೆ ಬಿತ್ತು.

"ಆ ಬೆರಳಿಗೇನಾಗಿದೆ?"

"ಕಾಲುಂಗುರದ ಕಪ್ಪು. ಹುಣಸೆಹಣ್ಣು ಹಾಕಿ ಉಜ್ಜಿದರೆ ಹೋಗುತ್ತೆ."

"ಉಜ್ಜಿದ್ರಾ?"

"ವರ್ಷದಿಂದ ಉಜ್ತಾ ಇದೀನಿ."

"ಹೋಯ್ತಾ?"

ಕಾಲು ಮುಂದೆ ಚಾಚಿದೆ. ಉಂಗುರ ಸರಿಸಿ ನೋಡಿದರು. ಅಂಚು ಹರಿದ ಬಟ್ಟೆಯ ಹಾಗೆ, ಒಂದು ಕಡೆ ಕಂದು, ಇನ್ನೊಂದು ಕಡೆ ಇದ್ದಿಲು. ನೋವೇ ಇಲ್ಲವಲ್ಲ ಎಂದೆ. "ಅದೇ ಇದರ ಮೋಸ" ಎಂದರು. ಚೂರು ಚರ್ಮ ಪರೀಕ್ಷೆಗೆ ಹೋಗಿ, ಕ್ಯಾನ್ಸರ್ ಎಂದು ಬಂತು. ಬೆರಳು ತೆಗೆಯಬೇಕು, ತಡವಾದರೆ ಮೈಗೆ ಹರಡುತ್ತದೆ ಎಂದರು.

ನಿಮ್ಮಪ್ಪ, "ನಾನಿನ್ನೂ ಬದುಕಿದೀನಿ, ಕಾಲುಂಗುರ ತೆಗೀತೀಯೇನೇ?" ಎಂದರು.

"ನಿಮ್ಮ ಜೊತೆ ನಾನೂ ಬದುಕೋಣ ಅಂತಲೇ ತೆಗೀತಿರೋದು" ಎಂದೆ.

ಶುಕ್ರವಾರ ಮಾತ್ರ ಬೇಡ ಎಂದರು. ಆ ಒಂದು ಮಾತು ಉಳಿಸಿದೆ. ಸೋಮವಾರ ಬೆರಳು ತೆಗೆಸಿದೆ. ಆಸ್ಪತ್ರೆಯಲ್ಲಿ ಉಂಗುರ ಬಿಚ್ಚಿದ್ದು, ಮದುವೆಯಲ್ಲಿ ತೊಡಿಸಿದ ಕೈಯೇ.

ಸದ್ಯಕ್ಕೆ ಬೇರೆಲ್ಲೂ ಹರಡಿದ ಹಾಗೆ ಕಾಣುವುದಿಲ್ಲವಂತೆ. ಆದರೂ ಆಗಾಗ ಹೋಗಿ ತೋರಿಸಬೇಕು. ನೀನೂ ಸ್ನಾನದ ಹೊತ್ತಿಗೆ ಉಂಗುರ ಸರಿಸಿ, ಅಂಗಾಲು ತಿರುಗಿಸಿ ನೋಡಿಕೋ. ಬಗ್ಗಲು ಆಗದಿದ್ದರೆ ನಿನ್ನ ಗಂಡನಿಗೆ ಹೇಳು. ಎಲ್ಲ ಮಚ್ಚೆಗೂ ಹೆದರಬೇಕಿಲ್ಲ. ಬಣ್ಣವೋ ಅಂಚೋ ಬದಲಾದರೆ, ದೊಡ್ಡದಾದರೆ, ಕಾಯಬೇಡ.

ಸೀಮಂತಕ್ಕೆ ಕುಂಟಿಕೊಂಡಾದರೂ ಬರುತ್ತೇನೆ. ಸುಖವಾಗಿ ಹೆತ್ತು ಏಳು.

ನಿನ್ನ ತಾಯಿ,
ಮುನಿಶಾಮಮ್ಮ

ತಾ.ಕ.: ಬೆರಳು ತೆಗೆಯಬೇಕಂತೆ ಎಂದು ನಿಮ್ಮಪ್ಪ ಬರೆದದ್ದಕ್ಕೆ ನೀನು, "ಸೀಮಂತ ಮುಗಿಯೋವರೆಗೂ ಬೆರಳು ಇರಲಿ ಅಮ್ಮ, ಒಂದು ಕಾಲಿಗೆ ಉಂಗುರ ಇಲ್ಲದೆ ಆರತಿಗೆ ನಿಂತರೆ ನಮ್ಮತ್ತೆ ಕಡೆಯವರು ಏನಂದ್ಕೋತಾರೆ" ಎಂದು ಬರೆದಿದ್ದೀಯ. ಮಾತು ನಿಮ್ಮತ್ತೆಯದಿರಲಿ ಎಂದುಕೊಂಡು ಮತ್ತೆ ಓದಿದೆ. ಬೆರಳು ತೆಗೆಯುವ ಮುಂಚೆ, ಮನೆಯಲ್ಲಿ ಯಾರಾದರೂ ಬೇಡ ಅಂದಿದ್ದಾರಾ ಎಂದು ಡಾಕ್ಟರು ಕೇಳಿದರು. ನಿಮ್ಮಪ್ಪನ ಹೆಸರು ಹೇಳಿದೆ. ನಿನ್ನದು ಹೇಳಲಿಲ್ಲ.