ಶಿಕ್ಷಾ ಎಂಬ ಕಾಲಂ

ಖಾನಾಪುರ
೧೪ ಜೂನ್ ೨೦೦೧, ಗುರುವಾರ

ಶಗುಫ್ತಾ,

ಗುಡ್ಡ ತೆಗೆದುಕೊಳ್ಳುವಾಗ ಕಾರ್ಖಾನೆಯವರು ಹೇಳಿದ್ದು ಇಷ್ಟು: ಅಲ್ಲಿ ಕುರಿ ಮೇಯಿಸುತ್ತಿದ್ದ ಪ್ರತಿ ಮನೆಗೆ ಒಂದು ಕಾಯಂ ಕೆಲಸ. ಊರಿಗೆ ನಳದ ನೀರು. ಹೆಣ್ಣುಮಕ್ಕಳಿಗೂ ಮಶೀನಿನ ಮೇಲೆ ಕೆಲಸ. ಕೊಟ್ಟಿದ್ದು: ತಂತಿ ಬೇಲಿ. ಬೇಲಿಗೊಬ್ಬ ವಾಚಮನ್, ಅವನೂ ಪರಊರಿನವನು.

ನೋಡು, ಮೊದಲು ಕ್ಷೇಮ ಕೇಳಬೇಕೆಂಬುದನ್ನೂ ಮರೆತೆ. ಕರಪತ್ರ ಬರೆದು ಬರೆದು ಕೈ ಕೆಟ್ಟಿದೆ. ಹೇಗಿದ್ದೀಯ? ನಿನ್ನ ಅತ್ತೆಯ ಮೊಣಕಾಲು ಹೇಗಿದೆ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಬರೆಯುವಂಥ ಸುದ್ದಿ ಇರಲಿಲ್ಲ. ಈಗ ಇದೆ. ಓದಿದ ಮೇಲೆ ಒಲೆಗೆ ಹಾಕು.

‘ನೂರು ಅರ್ಜಿಯೊಳಗ ನಿಂದು ಎದ್ದ ಕಾಣಬೇಕ ನೋಡ’ ಎಂದು ಬರೆದಿದ್ದೆಯಲ್ಲ? ಎದ್ದು ಕಂಡಿತು.

ಇಲ್ಲಿಯ ಕಾರ್ಖಾನೆಗೆ ಆರು ಜನ ಫಿಟ್ಟರ್ ಬೇಕೆಂದು ಬೋರ್ಡು ಹಚ್ಚಿದರು. ಮುನ್ನೂರು ಅರ್ಜಿ ಬಿದ್ದವು. ಐಟಿಐ ಕಲಿತ ಹೆಂಗಸು ನಾನೊಬ್ಬಳೇ. ವಯಸ್ಸಿನ ಮಿತಿ ಇಪ್ಪತ್ತೇಳು, ಆಗಸ್ಟಿಗೆ ನನಗದು ದಾಟುತ್ತದೆ. ಈ ಸಲ ತಪ್ಪಿದರೆ ನಮ್ಮ ಮನೆಯ ಪಾಲಿನ ಕೆಲಸ ಹೋದಂತೆಯೇ. ಕುರಿ ಮೊದಲೇ ಹೋಗಿವೆ.

ಅರ್ಜಿಯ ಫಾರ್ಮು ಹಿಂದಿಯಲ್ಲಿತ್ತು. ಮಾಲೀಕರ ಹೆಡ್ ಆಫೀಸು ಉತ್ತರದಲ್ಲಿದೆ, ಅಲ್ಲಿಂದಲೇ ಛಾಪಿಸಿ ತಂದಿದ್ದಾರೆ. ಅಕ್ಷರ ಮರಾಠಿಯದೇ, ನನಗೇನು ಕಷ್ಟ? ‘ಯೋಗ್ಯತಾ’ ಎಂದಲ್ಲಿ ಐಟಿಐ ಬರೆದೆ, ನಂಬರು ಬರೆದೆ. ಅದರ ಕೆಳಗೆ ‘ಶಿಕ್ಷಾ’ ಎಂದಿತ್ತು. ಖಾನಾಪುರದವಳು ನಾನು. ಕನ್ನಡದಲ್ಲೂ ಮರಾಠಿಯಲ್ಲೂ ಆ ಮಾತಿಗೆ ಒಂದೇ ಅರ್ಥ. ಸರ್ಕಾರಿ ಅರ್ಜಿಯಲ್ಲೂ ಕೇಸು ಇದೆಯೇ ಎಂದು ಕೇಳುತ್ತಾರೆ, ಇವರೂ ಕೇಳಿದ್ದಾರೆ ಅಂದುಕೊಂಡೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ‘೧೯೯೮, ಧರಣಿ, ಮೂರು ದಿನ ಜೈಲು’ ಎಂದು ದುಂಡಗೆ ಬರೆದೆ.

ಮಂಗಳವಾರ ಸಂದರ್ಶನ. ಸಾಲಾಗಿ ಕೂತಿದ್ದೆವು. ಕಾರಕೂನ ಗಜಾನನ ಹೊರಗೆ ಬಂದ, ನಗು ತಡೆಯಲಾಗದೆ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದ.

“ಪ್ರಮಿಳಾ ಯಾರ್ರೀ? ಬರ್ರಿ, ಸಾಹೇಬ್ರು ನಿಮ್ಮದ ಅರ್ಜಿ ಹಿಡಕೊಂಡ ಕುಂತಾರ.”

“ಏನಾತ್ರೀ?”

“ಎಲ್ಲಾರೂ ಶಿಕ್ಷಾ ಅಂದಲ್ಲಿ ಎಸ್ಸೆಸ್ಸೆಲ್ಸಿ ಬರದಾರ. ನೀವು ಜೈಲ ಬರದೀರಲ್ರೀ ಬಾಯಾರ! ಅದು ಹಿಂದೀರೀ. ಶಿಕ್ಷಾ ಅಂದ್ರ ಅವರಿಗೆ ಸಾಲಿ ಕಲಿಯೂದು.”

ಕೂತವರೆಲ್ಲ ನಕ್ಕರು. “ಇಕೀ ಡಿಗ್ರಿ ಜೈಲಿನ್ಯಾಗ ಆಗೇತ್ರಿ!” ಎಂದೊಬ್ಬ ಕೂಗಿದ. ನನಗೂ ನಗು ಬಂತು.

ಸಾಹೇಬ ಮಾತ್ರ ನಗಲಿಲ್ಲ. ನನಗಿಂತ ಮುಂಚೆ ಹೋದವರನ್ನು ನಿಲ್ಲಿಸಿಯೇ ಮಾತಾಡಿಸಿ ಕಳಿಸಿದ್ದ. ನನಗೆ ಕುರ್ಚಿ ಎಳೆಸಿದ, ಚಹ ತರಿಸಿದ. ಅವನು ಹಿಂದಿಯಲ್ಲಿ ಕೇಳುವುದು, ಗಜಾನನ ಅದನ್ನು ಕನ್ನಡಕ್ಕೆ ತರುವುದು. ಫಿಟ್ಟಿಂಗ್ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

“ಯಾವ ಧರಣಿ ಅಂತ ಕೇಳಾಕತ್ತಾರ.”

“ಇಲ್ಲೇ, ನಿಮ್ಮ ಬೇಲಿ ಮುಂದ.”

“ಹೆಣ್ಣಮಕ್ಕಳು ಎಷ್ಟ ಮಂದಿ?”

“ಮೂವತ್ತೊಂದು.”

“ಹೆಸರು?”

ನಾನು ಸುಮ್ಮನೆ ಕೂತೆ. ಚಹದ ಮೇಲೆ ಕೆನೆ ಕಟ್ಟಿತು. ಸಾಹೇಬ ಮೆಲ್ಲಗೆ ಏನೋ ಹೇಳಿದ. ಗಜಾನನನ ಮುಖದಲ್ಲಿ ಈಗ ನಗು ಇರಲಿಲ್ಲ. “ಕೆಲಸ ನಿಮ್ಮದ ಅಂತ ತಿಳಕೋರಿ ಅಂತಾರ. ಮುನ್ನೂರರಾಗ ನಿಮ್ಮದೊಂದ ಅರ್ಜಿ ಬ್ಯಾರೆ ಕಂಡೈತಂತ. ಮಂದಿ ಗುರ್ತ ಇದ್ದವ್ರು ಅವರಿಗೆ ಬೇಕಂತ.” ಆಮೇಲೆ ಕಾಗದ ಜೋಡಿಸುತ್ತ, ನನ್ನ ಕಡೆ ನೋಡದೆ ಸೇರಿಸಿದ: “ಮಚ್ಛೆ ಕಾರ್ಖಾನ್ಯಾಗ ಯಾರೋ ಹೆಣ್ಣಮಕ್ಕಳು ಯೂನಿಯನ್ನಿಗೆ ಸಹಿ ಕೂಡಸಾಕತ್ತಾರಂತ್ರೀ.”

ಅದೇ ಮಾಲೀಕರ ಮಚ್ಛೆ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ನೀನಿದ್ದೀಯ. ನಲವತ್ತೆರಡು ಸಹಿಯಾದವು ಎಂದು ನಿನ್ನ ಎರಡನೇ ಪತ್ರದಲ್ಲಿ ನೀನೇ ಬರೆದಿದ್ದೆ. ಇನ್ನು ಮೇಲೆ ಅಂಥದ್ದನ್ನು ಕಾಗದದಲ್ಲಿ ಬರೆಯಬೇಡ.

ಮನೆಗೆ ಬಂದರೆ ಅಪ್ಪ ಅಂಗಳದಲ್ಲೇ ಕಾಯುತ್ತಿದ್ದ. “ಚಾ ಕೊಟ್ರಂತಲ್ಲ! ಚಾ ಕೊಟ್ರಂದ್ರ ಕೆಲಸ ಆತ ಬಿಡ” ಎಂದ. ಯಾರಿಗೂ ಹೇಳಬೇಡಪ್ಪ ಎಂದೆ. “ಯಾಕ? ಕಳುವು ಮಾಡೀಯೇನ?” ಎಂದು ನಗುತ್ತ ಹೋದವನು ಕಾಡವ್ವ ಚಿಗವ್ವನ ಮನೆಯವರೆಗೂ ಡಂಗುರ ಸಾರಿ ಬಂದ. ಎರಡು ದಿನದಿಂದ ಜನ ಬರುತ್ತಿದ್ದಾರೆ, ಬೆನ್ನು ತಟ್ಟುತ್ತಿದ್ದಾರೆ. ಧರಣಿಯಲ್ಲಿ ನನ್ನ ಮಗ್ಗುಲಿಗೆ ಕೂತವರೇ, “ಒಬ್ಬಾಕಿಯಾರ ಒಳಗ ಹೊಂಟಿ” ಎನ್ನುತ್ತಾರೆ. ನಿನ್ನೆಯಿಂದ ಬೇಲಿಯ ವಾಚಮನ್ ಕೂಡ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಅದೇ ನನಗೆ ಭಯ ಹುಟ್ಟಿಸುತ್ತಿದೆ.

ನಿನ್ನ ಮಗಳಿಗೆ ಮುತ್ತು. ಅತ್ತೆಯವರಿಗೆ, ಅಮ್ಜದ ಭಾಯಿಗೆ ಸಲಾಮ್ ಹೇಳು. ನಿಮ್ಮ ಅಲ್ಲಾ, ನಮ್ಮ ಬೀರಪ್ಪ, ಇಬ್ಬರೂ ನಿನ್ನನ್ನು ಕಾಯಲಿ.

ನಿನ್ನ
ಪ್ರಮಿಳಾ

ತಾ.ಕ.: ಸುಮ್ಮನೆ ಕೂತೆ ಎಂದು ಮೇಲೆ ಬರೆದದ್ದು ನಿಜ. ಆದರೆ ನಾನು ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಕಳ್ಳತನಕ್ಕೆ ಒಳಗೆ ಹೋದವಳೆಂದು ತಿಳಿಯಬಾರದಲ್ಲ, ಅದಕ್ಕೆ ಆ ಕಾಲಂ ಪೂರ್ತಿ ತುಂಬಿದ್ದೆ: ‘ಗೆಳತಿ ಶಗುಫ್ತಾ ನದಾಫಳ ಜೊತೆ.’ ಅಮ್ಮಿಗೆ ಪ್ರಾಕ್ಟಿಕಲ್ ಪರೀಕ್ಷೆ ಎಂದು ಸುಳ್ಳು ಹೇಳಿ ನಮ್ಮ ಧರಣಿಗೆ ಬಂದವಳು ನೀನು. ನಿನ್ನ ಹೆಸರನ್ನು ನನ್ನ ಕೈಯೇ ಅವರಿಗೆ ಕೊಟ್ಟಿತು.

ಮದುವೆಯಾಗಿ ನಿನ್ನ ಅಡ್ಡಹೆಸರು ಕಿಲ್ಲೇದಾರ ಆದದ್ದು ಅವರಿಗೆ ಗೊತ್ತಿಲ್ಲ. ಮಚ್ಛೆಯ ಹಾಜರಿಯಲ್ಲಿ ಇಬ್ಬರು ಶಗುಫ್ತಾ ಇದ್ದಾರಂತೆ, ಅವರಲ್ಲಿ ಧರಣಿಗೆ ಬಂದಿದ್ದವಳೇ ಈಗ ಸಹಿ ಕೂಡಿಸುತ್ತಿದ್ದಾಳೆ ಎಂಬ ಗುಮಾನಿ ಅವರದು. ಶಿಫ್ಟು ಬಿಡುವಾಗ ನಾನು ಗೇಟಿನಲ್ಲಿ ನಿಂತು ಅವಳು ಯಾರೆಂದು ತೋರಿಸಬೇಕು, ಅಲ್ಲೇ ನೇಮಕದ ಪತ್ರ ಕೊಡುತ್ತಾರೆ. ತೋರಿಸದಿದ್ದರೆ ಇಬ್ಬರನ್ನೂ ಕೆಲಸದಿಂದ ತೆಗೆಯುತ್ತಾರೆ. ಆಗುವುದಿಲ್ಲ ಎನ್ನಲಿಲ್ಲ ನಾನು, ಶಗುಫ್ತಾ. ಗಂಟಲು ಹರಿಯುವಂತೆ ಘೋಷಣೆ ಕೂಗಿದವಳು, ಆ ಕುರ್ಚಿಯಲ್ಲಿ ಕೂತು “ಬರ್ತೀನ್ರೀ” ಎಂದೆ.

ರಜೆ ಹಾಕಬೇಡ. ಬಾರದವಳೇ ಅವಳು ಎಂದು ಬರೆದುಕೊಳ್ಳುತ್ತಾರೆ. ಸಹಿ ಮಾಡಿದ ನಲವತ್ತೆರಡೂ ಮಂದಿ ಒಟ್ಟಿಗೆ ಹೊರಗೆ ಬನ್ನಿ, ನನ್ನ ಮುಖ ನೋಡುತ್ತ ಬನ್ನಿ. ಒಬ್ಬೊಬ್ಬರಾಗಿ ಬಂದರೆ ನನ್ನ ಮೇಲೆ ನನಗೇ ನಂಬಿಕೆ ಇಲ್ಲ.

ಮಚ್ಛೆಯ ಗೇಟು. ಸೋಮವಾರ, ಹದಿನೆಂಟನೇ ತಾರೀಖು, ಮಧ್ಯಾಹ್ನ ಎರಡು ಗಂಟೆ.