ಮಗುವಿನ ಕಾಲು ಕಟ್ಟಲು ಅವರು ಎಲ್ಲಿ ಕಲಿತರು?

ಆಸ್ಪತ್ರೆಗಳಿಗೆ ವೈದ್ಯರನ್ನು ನೇಮಿಸುವ ಅಧಿಕಾರಿಗಳೇ,

ಏಳು ವರ್ಷದ ನನ್ನ ಮಗಳು ಸಪ್ಪಲಮ್ಮನ ಎಡಗಾಲನ್ನು ಗರಗಸದಿಂದ ಕೊಯ್ದು ತೆಗೆದರು. ಕೊಯ್ದವರು ಯಾರೆಂದು ಬಲ್ಲೆ. ಅವರನ್ನು ಆ ಕೆಲಸಕ್ಕೆ ನಿಲ್ಲಿಸಿದವರು ತಾವು. ಅದಕ್ಕೇ ಊರೆಲ್ಲ ಓದುವಂತೆ ತಮಗೆ ಬರೆಯುತ್ತಿದ್ದೇನೆ.

ಯುದ್ಧ ಮುಗಿದ ಮರುವರ್ಷ, ಈ ಯುಗಾದಿಯ ಹೊತ್ತಿಗೆ, ನಮ್ಮ ಸೀಮೆಗೆ 'ಮಕ್ಕಳ ಮೂಳೆ ತಜ್ಞರು' ಬಂದಿದ್ದಾರೆಂದು ಕರಪತ್ರ ಹಂಚಿಸಿದಿರಿ. ಬಂದವರು ಡಾಕ್ಟರ್ ಚಿನ್ನಸ್ವಾಮಿ. ಶ್ರಾವಣದಲ್ಲಿ ದೇವನಹಳ್ಳಿ ರಸ್ತೆಯಲ್ಲಿ ಗಾಡಿ ಮಗುಚಿ ಮಗಳ ಕಾಲು ಮುರಿಯಿತು. ಚರ್ಮವೂ ಹರಿದಿರಲಿಲ್ಲ. "ಮೂಳೆ ಕಟ್ಟೋ ಅಕ್ಕಯಮ್ಮನ ಹತ್ರ ಹೋಗಾನ" ಎಂದಳು ಹೆಂಡತಿ ಲಕ್ಕಮ್ಮ. ಕರಪತ್ರ ಓದಬಲ್ಲ ಮೇಷ್ಟ್ರು ನಾನು. ಅವಳನ್ನು ಗದರಿಸಿ ಮಗಳನ್ನು ಆಸ್ಪತ್ರೆಗೆ ಹೊತ್ತೊಯ್ದೆ.

ಡಾಕ್ಟರು ಕಾಲಿನ ಸುತ್ತ ಬಿಗಿಯಾಗಿ ಪ್ಲಾಸ್ಟರ್ ಹಾಕಿದರು. "ಅಪ್ಪಾ, ಕಾಲು ಉರೀತೈತೆ, ಬಿಚ್ಚಿಸಪ್ಪಾ" ಎಂದು ಮಗಳು ಚೀರಿದಳು. "ಮಕ್ಕಳು ಅಳ್ತಾವೆ ಮೇಷ್ಟ್ರೇ, ಮೂಳೆ ಕೂಡೋವಾಗ ನೋವಿರುತ್ತೆ" ಎಂದರು ಡಾಕ್ಟರು. ಮೂರನೆಯ ದಿನ ಬೆರಳು ಕಪ್ಪಾದವು. ಪ್ಲಾಸ್ಟರ್ ಒಡೆದಾಗ ಎದ್ದ ವಾಸನೆಗೆ ಲಕ್ಕಮ್ಮ ಕುಸಿದುಬಿದ್ದಳು. ಕತ್ತರಿಸದಿದ್ದರೆ ಜೀವ ಉಳಿಯದು ಎಂದರು. ಕ್ಲೋರೋಫಾರ್ಮ್ ಸಾಲಲಿಲ್ಲ, ಗರಗಸ ಮೂಳೆಯ ನಡುವಿರುವಾಗಲೇ ಮಗಳು ಎಚ್ಚೆತ್ತಳು. ಅವಳ ಭುಜ ಅದುಮಿ ಹಿಡಿದಿದ್ದವನು ನಾನೇ. ನನ್ನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದಳು. ನಾನು ಬಿಡಲಿಲ್ಲ.

ಹೊರಗೆ ಬಂದ ಡಾಕ್ಟರ ಬಾಯಿಗೆ ಗುದ್ದಿದೆ. ಹಲ್ಲು ಉದುರಿತು. ಗೋಡೆಗೆ ಒತ್ತಿ ಕತ್ತು ಹಿಸುಕುತ್ತ ಕೇಳಿದೆ: "ಎಲ್ಲಿ ಕಲ್ತೆಯೋ ಈ ವಿದ್ಯೆ?"

ಕೈ ಸಡಿಲಿಸಿದಾಗ ಅವರು ರಕ್ತ ಉಗುಳಿ ಹೇಳಿದರು: "ಬರ್ಮಾ ಗಡೀಲಿ, ಮೇಷ್ಟ್ರೇ. ಮೂರು ವರ್ಷ ಸಿಪಾಯಿಗಳ ಕೈಕಾಲು ಕತ್ತರಿಸಿದೀನಿ. ಕಟ್ಟು ಬಿಗಿಯಾದ್ರೆ ಅವರು ಬೈದು ಬಿಚ್ಚಿಸ್ತಿದ್ರು. ಮಗು ಯಾಕೆ ಅಳುತ್ತೆ ಅಂತ ತಿಳ್ಕೊಳ್ಳೋದನ್ನ ನನಗೆ ಯಾರೂ ಕಲಿಸ್ಲಿಲ್ಲ. ಮಕ್ಕಳ ಮೂಳೆ ನನಗೆ ಗೊತ್ತಿಲ್ಲ, ಮದರಾಸಿಗೆ ಕಲಿಯೋಕೆ ಕಳಿಸಿ ಅಂತ ಎರಡು ಸಲ ಬರ್ದೆ."

ಆ ಪತ್ರಗಳಿಗೆ ತಮ್ಮ ಕಚೇರಿಯಿಂದ ಬಂದ ಉತ್ತರವನ್ನು ಡಾಕ್ಟರು ಮರುದಿನ ನನಗೆ ತೋರಿಸಿದರು: 'ಯುದ್ಧಾನುಭವವೇ ಸಾಕು. ಮಕ್ಕಳ ಮೂಳೆ ಚಿಕ್ಕದು.'

ಚಿಕ್ಕದಾದ್ದರಿಂದ ಬೇಗ ಕೊಯ್ಯಬಹುದೆಂದೇ, ಸ್ವಾಮಿ? ತಮ್ಮ ಮೊಮ್ಮಗಳನ್ನು ಈ ಕರಪತ್ರ ನಂಬಿ ಅದೇ ಮೇಜಿನ ಮೇಲೆ ಮಲಗಿಸುತ್ತೀರಾ?

ಹೊಡೆದ ತಪ್ಪಿಗೆ ಶಿಕ್ಷೆ ಅನುಭವಿಸುತ್ತೇನೆ. ಆದರೆ ಆ ಡಾಕ್ಟರನ್ನು ವಜಾ ಮಾಡಿ ತಾವು ಪಾರಾಗಬೇಡಿ. ಕಳೆದ ವಾರ ತೋಳು ಮುರಿದ ಮಗುವೊಂದನ್ನು ಎತ್ತಿಕೊಂಡು ಬಂದವರಿಗೆ ಅವರು ಬಾಗಿಲಲ್ಲೇ ಕೈ ಮುಗಿದು, "ನನ್ನ ಕೈಲಾಗಲ್ಲ, ಬೆಂಗಳೂರಿಗೆ ಕರ್ಕೊಂಡೋಗಿ" ಎಂದರು. ಆಜ್ಞೆ ಮೀರಿದ್ದಕ್ಕೆ ತಾವು ವಿವರಣೆ ಕೇಳಿದ್ದೀರಂತೆ. ಆ ನೋಟೀಸು ಹಿಂತೆಗೆದುಕೊಳ್ಳಿ. ಈ ತಿಂಗಳೇ ಅವರನ್ನು ಕಲಿಯಲು ಕಳಿಸಿ. ಅವರು ಕಲಿತು ಬರುವತನಕ ಆಸ್ಪತ್ರೆಯ ಆ ಗರಗಸದ ಕೋಣೆಗೆ ಬೀಗ ಹಾಕಿ.

ಇಂತಿ,
ತಮ್ಮ ವಿಳಾಸ ತಿಳಿಯದೆ ಎದುರಿಗಿದ್ದವರನ್ನು ಹೊಡೆದ
ರಾಮಾಂಜಿನಪ್ಪ, ಶಾಲಾ ಮೇಷ್ಟ್ರು